ಉಂಡವರೇ ತಟ್ಟೆ ತೊಳೆಯಲಿ

ಮನೆ ನಡೆಸುವುದು ಒಂದು ಕೆಲಸವೇ ಅಲ್ಲ ಅನ್ನುವವರು ಇದನ್ನು ಓದುವುದು ಬೇಡ. ಅವರಿಗೆ ಹೇಳಿ ಉಪಯೋಗವಿಲ್ಲ, ನನಗೆ ಪುರುಸೊತ್ತೂ ಇಲ್ಲ. ಇದು ಹೊಸದಾಗಿ ಸಂಸಾರ ಹೂಡಿದವರಿಗೆ. ನನ್ನ ಮೊಮ್ಮಗಳಿಗೆ ಈ ವರ್ಷ ಮದುವೆಯಾಯಿತು. ಅವಳಿಗೂ ಬರೆದಿದ್ದೀನಿ, ಅವಳ ಗಂಡನಿಗೂ ಬರೆದಿದ್ದೀನಿ. ಗಂಡನಿಗೆ ಯಾಕೆ ಅನ್ನುವವರು ಪೂರ್ತಿ ಓದಲಿ.

ನಾನು ನನ್ನ ತವರೂರು ಕೋರದ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ತಪ್ಪು ಬರೆದರೆ ಮೊಮ್ಮಗಳು ತಿದ್ದುತ್ತಾಳೆ. ತಿದ್ದು, ಆದರೆ ಮಾತು ಮೆತ್ತಗೆ ಮಾಡಬೇಡ ಅಂತ ಹೇಳಿದ್ದೀನಿ.

ನನ್ನ ಗಂಡ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅವರು ಕೆಲಸ ಬಿಟ್ಟ ದಿನ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಗಡಿಯಾರದ ಧೂಳು ಒರೆಸಿದವಳು ನಾನು. ನಾನು ರಿಟೈರ್ ಆದದ್ದು ಮಂಡಿ ಕೈಕೊಟ್ಟ ವರ್ಷ. ಸೊಸೆ ಬಂದು, "ಕೊಡಿ ಅತ್ತೆ ಇಲ್ಲಿ" ಅಂತ ಪೊರಕೆ ಕಿತ್ತುಕೊಂಡಳು. ಹಾರ ಇಲ್ಲ, ಭಾಷಣ ಇಲ್ಲ. ಆದರೂ ನಾನು ರಿಟೈರ್ ಅಂತಲೇ ಹೇಳುತ್ತೀನಿ. ನಗುವವರು ನಗಲಿ.

ಕೆಲಸ ಕಲಿತದ್ದು ಗುಬ್ಬಿಯಲ್ಲಿ, ಅತ್ತೆಯ ಕೈಕೆಳಗೆ. ತೆಂಗಿನಕಾಯಿ ವ್ಯಾಪಾರದ ಮನೆ. ಮಾವ, ಭಾವ, ಮೈದುನರು, ಆಳುಗಳು, ಕಾಯಿ ಕೊಳ್ಳಲು ಬರುವವರು, ಎಲ್ಲರೂ ಓಡಾಡುವ ಜಾಗ. ಸಗಣಿ ಸಾರಿಸಿದ ನೆಲ. ಅತ್ತೆ ಮೇಲಧಿಕಾರಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವರಿಂದ ಕಲಿತ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೀನಿ. ಮುದ್ದೆ ಇಳಿಸಿದ ಪಾತ್ರೆಗೆ ಆ ಗಳಿಗೆಯಲ್ಲೇ ನೀರು ಹುಯ್ಯಬೇಕು. "ಆಮೇಲೆ ಹುಯ್ತೀನಿ" ಅಂದರೆ ಹಿಟ್ಟು ಒಣಗಿ ಕಲ್ಲಾಗುತ್ತೆ, ಕೆರೆದು ಕೆರೆದು ಉಗುರು ಹೋಗುತ್ತೆ. ಮನೆಯ ಅರ್ಧ ಕೊಳೆ ಈ "ಆಮೇಲೆ" ಅನ್ನುವ ಮಾತಿನಿಂದ ಬರುವುದು. ಮಿಕ್ಕರ್ಧ ಗಂಡಸರಿಂದ.

ಇನ್ನು ಅತ್ತೆಯ ಜೊತೆ ನನಗೆ ಒಗ್ಗದ್ದು. ಯಾರಾದರೂ ಮನೆಯಿಂದ ಹೊರಟರೆ ಅವರ ಹಿಂದೆಯೇ ಕಸ ಗುಡಿಸಬಾರದು ಅಂತ ನಮ್ಮ ಕಡೆ ಒಂದು ಶಾಸ್ತ್ರ. ಹೋದವರು ಊರ ಗಡಿ ದಾಟುವಷ್ಟು ಹೊತ್ತಾದರೂ ಕಾಯಬೇಕು. ಒಬ್ಬರೋ ಇಬ್ಬರೋ ಇರುವ ಮನೆಗೆ ಸರಿ. ಗುಬ್ಬಿಯ ಮನೆಯಲ್ಲಿ ಬೆಳಿಗ್ಗೆಯಿಂದ ಯಾರಾದರೊಬ್ಬರು ಹೊರಡುತ್ತಲೇ ಇರುತ್ತಿದ್ದರು. ಒಬ್ಬರು ಸಂತೆಗೆ, ಒಬ್ಬರು ತೋಟಕ್ಕೆ, ಒಬ್ಬರು ಕೋರ್ಟಿಗೆ. ನಾನು ಪೊರಕೆ ಹಿಡಿದು ಬಾಗಿಲ ಸಂದಿಯಲ್ಲಿ ನಿಂತಿದ್ದೇ ನಿಂತಿದ್ದು. ಒಂದು ದಿನ ಕೇಳಿಯೇಬಿಟ್ಟೆ.

"ಅತ್ತೆ, ಎಲ್ಲರೂ ಒಟ್ಟಿಗೆ ಹೊರಡೋ ಹಂಗೆ ಏನಾದ್ರೂ ಮಾಡೋಕಾಗುತ್ತಾ?"

"ಯಾಕೇ?"

"ಗುಡಿಸಬೇಕಿತ್ತು."

ಅತ್ತೆ ನನ್ನ ಮುಖ ನೋಡಿದರು. "ನಿಮ್ಮ ಅವ್ವ ಬಾಯಿ ಒಂದನ್ನೇ ಕೊಟ್ಟು ಕಳಿಸವ್ಳೆ ಕಣೇ" ಅಂದರು.

ಮಾರನೇ ದಿನದಿಂದ ನಾನು ಎಲ್ಲರೂ ಏಳುವ ಮುಂಚೆಯೇ ಗುಡಿಸಿ ಮುಗಿಸಿದೆ. ಮಲಗಿದವರ ತಲೆ ಸುತ್ತ ಗುಡಿಸಿದೆ. ಧೂಳು ಮೂಗಿಗೆ ಹೋಗಿ ಭಾವ ಸೀನಿಕೊಂಡು ಎದ್ದರು. ಶಾಸ್ತ್ರಕ್ಕೆ ಭಂಗ ಬರಲಿಲ್ಲ.

ಎಮರ್ಜೆನ್ಸಿ ಹೊತ್ತಿಗೆ ನನ್ನ ಗಂಡನಿಗೆ ಕುಣಿಗಲ್ ಕಡೆ ಬಸ್ಸು ಸಿಕ್ಕಿ, ಕುಣಿಗಲ್‌ನಲ್ಲಿ ವಠಾರದ ಮನೆ ಹಿಡಿದೆವು. ಅಡುಗೆಮನೆ, ಅದರ ಮುಂದೆ ಒಂದು ಕೋಣೆ, ಅಷ್ಟೇ. ಎರಡು ಮಕ್ಕಳು. ಚಿಕ್ಕ ಮನೆ ಚೊಕ್ಕಟವಾಗಿ ಇಡುವುದು ಸುಲಭ ಅಂತ ಯಾರಾದರೂ ಹೇಳಿದರೆ ಅವರು ಚಿಕ್ಕ ಮನೆಯಲ್ಲಿ ಇದ್ದವರಲ್ಲ. ಅಲ್ಲಿ ಒಂದು ಚೊಂಬು ಬಿದ್ದಿದ್ದರೂ ಎಡವಬೇಕು.

ಅಲ್ಲೇ ನಾನು ಮೊದಲನೇ ಕಾನೂನು ಮಾಡಿದ್ದು. ಬರಿಗೈಯಲ್ಲಿ ಯಾರೂ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಹೋಗಬಾರದು. ಅಡುಗೆಮನೆಗೆ ಹೋಗುತ್ತಿದ್ದೀಯಾ, ಆ ಕಾಫಿ ಲೋಟ ತೆಗೆದುಕೊಂಡು ಹೋಗು. ಬಚ್ಚಲಿಗೆ ಹೋಗುತ್ತಿದ್ದೀಯಾ, ಆ ಒದ್ದೆ ಟವಲ್ಲು ತೆಗೆದುಕೊಂಡು ಹೋಗು. ಹೆಂಗೂ ಹೋಗುವ ಕಾಲು, ಹೆಂಗೂ ಖಾಲಿ ಇರುವ ಕೈ. ಇದಕ್ಕೆ ಬೇರೆ ಹೊತ್ತು ಬೇಡ. ಇದೊಂದನ್ನು ಕಲಿತರೆ ಮಿಕ್ಕದ್ದನ್ನೆಲ್ಲ ಮರೆತರೂ ಮನೆ ನಡೆಯುತ್ತೆ.

ಎರಡನೇ ಕಾನೂನು ಗೋಣಿಚೀಲ. ಗೋಡೆಗೆ ಒಬ್ಬೊಬ್ಬರಿಗೆ ಒಂದೊಂದು ಮೊಳೆ ಹೊಡೆದಿದ್ದೆ. ಅಂಗಿ, ಸ್ಕೂಲ್ ಬ್ಯಾಗು ಎಲ್ಲ ಅವರವರ ಮೊಳೆಗೆ. ನೆಲದ ಮೇಲೆ ಸಿಕ್ಕಿದ್ದು ಗೋಣಿಚೀಲಕ್ಕೆ. ಬೇಕಾದವರು ಚೀಲ ಸುರುವಿ ಹುಡುಕಿಕೊಂಡು, ಮಿಕ್ಕದ್ದನ್ನು ತಿರುಗಿ ತುಂಬಿಡಬೇಕು. ಬೈಯುವ ಕೆಲಸ ನನಗೆ ತಪ್ಪಿತು. ಬೈದು ಬೈದು ಗಂಟಲು ಹೋಗುತ್ತೆ ಹೊರತು ಮನೆ ನೆಟ್ಟಗಾಗುವುದಿಲ್ಲ.

ಒಂದು ದಿನ ಬೆಳಿಗ್ಗೆ ನನ್ನ ಗಂಡ ಮನೆಯೆಲ್ಲ ತಡಕಾಡಿದರು.

"ಏನೇ, ನನ್ನ ಟಿಕೆಟ್ ಬ್ಯಾಗ್ ನೋಡ್ದಾ?"

"ಎಲ್ಲಿ ಇಟ್ಟಿದ್ರಿ?"

"ಇಲ್ಲೇ, ನೆಲದ ಮೇಲೆ."

"ಹಂಗಾದ್ರೆ ಚೀಲ ನೋಡಿ."

"ಕಂಡಕ್ಟರ್ ಬ್ಯಾಗ್ ಚೀಲಕ್ಕೆ ಹಾಕ್ತಾರೇನೇ? ಬಸ್ಸು ಹೊರಡೋ ಟೈಮ್ ಆಯ್ತು."

"ಚೀಲಕ್ಕೆ ಕಂಡಕ್ಟರ್ ಯಾರು, ಪ್ಯಾಸೆಂಜರ್ ಯಾರು ಅಂತ ಗೊತ್ತಾಗಲ್ಲ ರೀ."

ಚೀಲದ ತಳದಲ್ಲಿ, ಮಗನ ಚಡ್ಡಿಗಳ ಕೆಳಗೆ ಸಿಕ್ಕಿತು. ಬಸ್ಸು ತಡವಾಗಿ ಹೊರಟು ಮಾಲೀಕರ ಕೈಲಿ ಬೈಸಿಕೊಂಡು ಬಂದರು. ನಾನು ಕ್ಷಮೆ ಕೇಳುತ್ತೀನೇನೋ ಅಂತ ಸಂಜೆ ಸ್ವಲ್ಪ ಹೊತ್ತು ಕಾದು ಕೂತಿದ್ದರು. ಕೇಳಲಿಲ್ಲ. ಮಾರನೇ ದಿನದಿಂದ ಬ್ಯಾಗು ಮೊಳೆಗೆ ಹೋಯಿತು.

ಆ ಮನೆಗೆ ಒಂದು ಸಲ ಅತ್ತೆ ಬಂದರು. ಗಂಡ ಹೊಸ್ತಿಲು ದಾಟಿದರು, ನಾನು ಪೊರಕೆ ಹಿಡಿದೆ. ಅತ್ತೆ ಎದೆ ಹಿಡಿದುಕೊಂಡರು.

"ಮಗ ಬೀದಿ ತಿರುವಿಗೂ ಹೋಗಿಲ್ಲ, ಆಗ್ಲೇ ಗುಡಿಸ್ತೀಯಾ? ಹೆಣ ಎತ್ತಿದ ಮನೇಲಿ ಕಣೇ ಹಂಗೆ ಗುಡಿಸೋದು."

"ಅವರು ದಿನಾ ಹೋಗ್ತಾರೆ ಅತ್ತೆ, ನಾನು ದಿನಾ ಗುಡಿಸ್ತೀನಿ, ಅವರು ದಿನಾ ವಾಪಸ್ ಬರ್ತಾರೆ."

ನನ್ನ ಹಣೆಬರಹ, ಅವತ್ತೇ ಬಸ್ಸಿನ ಆಕ್ಸಲ್ ಮುರಿಯಿತು. ಗಂಡ ಲಾರಿ ಹತ್ತಿ ಮನೆಗೆ ಬರುವಾಗ ಊಟದ ಹೊತ್ತು ಮೀರಿತ್ತು. ಅತ್ತೆ ಬಾಗಿಲಲ್ಲೇ ಕೂತಿದ್ದರು. ಮಗನನ್ನು ಕಂಡು ಸಂತೋಷ ಪಟ್ಟರೋ, ತಮ್ಮ ಮಾತು ನಡೆಯಿತಲ್ಲ ಅಂತ ಪಟ್ಟರೋ ಹೇಳಲಾರೆ. "ನೋಡ್ದಾ?" ಅಂದರು. "ಆಕ್ಸಲ್‌ಗೂ ಪೊರಕೆಗೂ ಏನು ಸಂಬಂಧ ಅತ್ತೆ? ಓನರ್ ಹಳೇ ಬಸ್ ಓಡಿಸ್ತಾನೆ" ಅಂದೆ. ಅವರು ವಾರವಿದ್ದು ಹೋದರು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿಸಿ ಬಂದು ನೆಟ್ಟಗೆ ಮನೆ ಗುಡಿಸಿದೆ. ಕ್ಷೇಮವಾಗಿ ಊರು ಸೇರಿದರು. ಆಮೇಲೂ ಬಹಳ ವರ್ಷ ಇದ್ದರು.

ಎಂಬತ್ತರ ಈಚೆಗೆ ತುಮಕೂರಿಗೆ ಬಂದೆವು. ನಿಜವಾದ ಸರ್ವೀಸು ಶುರುವಾದದ್ದು ಇಲ್ಲಿ. ತುಮಕೂರಿನಲ್ಲಿ ಒಂದು ಮನೆ ಮಾಡಿದರೆ ಸಾಕು, ನೆಂಟರ ಮಕ್ಕಳೆಲ್ಲ ಓದುವುದಕ್ಕೆ ಅಂತ ಟ್ರಂಕು ಹೊತ್ತುಕೊಂಡು ಬಂದುಬಿಡುತ್ತಿದ್ದರು. ಬೇಡ ಅನ್ನುವ ಪದ್ಧತಿ ಇರಲಿಲ್ಲ. ನನ್ನವು ಎರಡು. ಕೋರದಿಂದ ಅಣ್ಣನ ಮಗ ಬಂದ. ನಿಟ್ಟೂರಿನಿಂದ ನಾದಿನಿಯ ಹುಡುಗರು ಬಂದರು. ಮಾವ ತೀರಿಕೊಂಡ ಮೇಲೆ ಭಾವ ಚೇಳೂರಿನ ತೋಟದಲ್ಲಿ ನೆಲೆಸಿದ್ದರು, ಅವರ ಮಗಳು ಜಯ, ಮಗ ನಂಜುಂಡ ಇಬ್ಬರೂ ಬಂದರು. ಹೆಣ್ಣು ಅಂತ ಜಯ ಒಬ್ಬಳೇ.

ಇಷ್ಟು ಜನಕ್ಕೆ ಅಡುಗೆ ಮಾಡಿ, ಬಟ್ಟೆ ಒಗೆದು, ನೀರು ಹಿಡಿದು, ಆಮೇಲೆ ಅವರ ಹಿಂದೆ ಹಿಂದೆ ಹೋಗಿ ಎತ್ತಿಡುತ್ತಾ ಕೂತರೆ ನಾನು ಆ ವರ್ಷವೇ ಸಾಯುತ್ತಿದ್ದೆ. ಅದಕ್ಕೆ ಮೂರನೇ ಕಾನೂನು ಬಂತು, ಹಾಲಿನದು. ಸಂಜೆ ದೀಪ ಹಚ್ಚುವ ಮುಂಚೆ ಸೀಮೆಎಣ್ಣೆ ಸ್ಟೌ ಮೇಲೆ ಹಾಲಿಡುತ್ತಿದ್ದೆ. "ಹಾಲಿಟ್ಟೆ" ಅಂತ ಒಂದು ಕೂಗು. ಅಷ್ಟೇ. ಹಾಲು ಉಕ್ಕುವುದರೊಳಗೆ ಪುಸ್ತಕ, ಚಪ್ಪಲಿ, ಒಣಗಿದ ಬಟ್ಟೆ, ಗೋಲಿ, ಬುಗುರಿ ಎಲ್ಲ ಅದರದರ ಜಾಗ ಸೇರಬೇಕು. ಉಕ್ಕಿದ ಮೇಲೂ ಬಿದ್ದಿದ್ದು ಗೋಣಿಚೀಲಕ್ಕೆ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಓಡಾಡುತ್ತಿದ್ದರು. ಗ್ಯಾಸ್ ಬಂದ ವರ್ಷ ಹಾಲು ಬೇಗ ಉಕ್ಕತೊಡಗಿತು. ನಂಜ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಚಿಕ್ಕಮ್ಮ, ಇದು ಮೋಸ. ಉರಿ ಸಣ್ಣಕ್ಕಿಡಿ."

"ನೀನು ಕಾಲು ದೊಡ್ಡಕ್ಕಿಡು."

ಹೊಸ ವಸ್ತುಗಳ ಬಗ್ಗೆ ಒಂದು ಮಾತು. ಹಿತ್ತಾಳೆ ಹೋಗಿ ಸ್ಟೀಲು ಬಂತು, ಹುಣಸೆಹಣ್ಣು ಬೂದಿ ಹೋಗಿ ಸೋಪಿನ ಪುಡಿ ಬಂತು, ರುಬ್ಬುವ ಕಲ್ಲು ಹೋಗಿ ಮಿಕ್ಸಿ ಬಂತು. ಎಲ್ಲ ಒಳ್ಳೆಯದೇ. ಹಳೆಯದೇ ಚೆನ್ನ ಅನ್ನುವ ಮುದುಕಿ ನಾನಲ್ಲ, ರುಬ್ಬುವ ಕಲ್ಲು ನನ್ನ ರಟ್ಟೆಯನ್ನು ತಿಂದಿದೆ. ಆದರೆ ಯಾವ ಮಷೀನೂ ನೆಲದ ಮೇಲಿಂದ ಕಾಲುಚೀಲ ಎತ್ತಲಿಲ್ಲ. ಅದಕ್ಕೆ ಬಿಸಾಡಿದವನ ಬೆನ್ನೇ ಬಗ್ಗಬೇಕು.

ನಾಲ್ಕನೇ ಕಾನೂನಿಗೇ ಗಲಾಟೆ ಆದದ್ದು. ಉಂಡವರು ಅವರವರ ತಟ್ಟೆ ಎತ್ತಿ, ಹಿತ್ತಲಿಗೆ ಹೋಗಿ, ಅಗಳು ಒಣಗುವ ಮುಂಚೆ ತೊಳೆದು, ಬೋರಲು ಹಾಕಬೇಕು. ಗಂಡು ಹೆಣ್ಣು ಅಂತಿಲ್ಲ. ಗುಡಿಸುವುದಕ್ಕೂ ಪಾಳಿ, ನೀರು ಹಿಡಿಯುವುದಕ್ಕೂ ಪಾಳಿ. ನಮ್ಮ ಕಡೆ ಗಂಡಸರು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರೆ ಹೆಂಗಸರು ಎತ್ತುವುದು ವಾಡಿಕೆ. ಗಂಡು ಎಂಜಲು ತಟ್ಟೆ ಎತ್ತಿದರೆ ಮನೆಗೆ ದರಿದ್ರ ಅನ್ನುತ್ತಿದ್ದರು. ಹೆಣ್ಣು ಎತ್ತಿದರೆ ಏನೂ ಇಲ್ಲವಂತೆ. ದರಿದ್ರಕ್ಕೆ ಅಷ್ಟು ಚೆನ್ನಾಗಿ ಗಂಡು ಹೆಣ್ಣು ಗುರುತು ಸಿಗುತ್ತೆ.

ಜಯ ಎಸ್ಸೆಸ್ಸೆಲ್ಸಿ, ನಂಜ ಒಂಬತ್ತನೇ ಕ್ಲಾಸು. ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಭಾನುವಾರ ಭಾವ ಮುಂಚೆ ಹೇಳದೆ ಚೇಳೂರು ಬಸ್ಸಿಗೆ ಬಂದಿಳಿದರು. ಕಾಯಿ ಮೂಟೆ ಹೆಗಲ ಮೇಲಿತ್ತು. ಬಾಗಿಲಿಗೆ ಬಂದು ನೋಡುತ್ತಾರೆ, ಮಗ ನಡುಮನೆ ಗುಡಿಸುತ್ತಿದ್ದಾನೆ, ಮಗಳು ಗೋಡೆಗೆ ಒರಗಿ ಲೆಕ್ಕ ಮಾಡುತ್ತಿದ್ದಾಳೆ.

"ಏನ್ಲಾ ನಂಜ, ಗಂಡಾಗಿ ಪರ್ಕೆ ಹಿಡ್ಕೊಂಡಿದ್ದೀಯಾ?"

"ಇವತ್ತು ನಂದು ಪಾಳಿ ಅಪ್ಪ."

"ಗಂಡು ಗುಡಿಸ್ತಾವ್ನೆ, ಹೆಣ್ಣು ಓದ್ತಾವ್ಳೆ. ಚೆನ್ನಾಗೈತೆ ಬುಡು ಈ ಮನೆ." ಮೂಟೆಯನ್ನು ದೊಪ್ಪಂತ ಇಳಿಸಿದರು.

ಗಂಡನ ಅಣ್ಣನ ಎದುರು ನಿಂತು ಮಾತಾಡುವುದು ನಮ್ಮಲ್ಲಿ ಇರಲಿಲ್ಲ. ಬಾಗಿಲ ಹಿಂದೆ ನಿಂತು, ಮಕ್ಕಳ ಕೈಲಿ ಹೇಳಿಸಬೇಕು. ನಾನು ಅಡುಗೆಮನೆ ಬಾಗಿಲ ಹಿಂದಿನಿಂದ ಅಂದೆ. "ನಂಜ, ನಿಮ್ಮಪ್ಪಂಗೆ ಕೈಕಾಲಿಗೆ ನೀರು ಕೊಡು. ಜಯಂಗೆ ಪರೀಕ್ಷೆ ಹತ್ರ ಬಂತು, ಅದಕ್ಕೇ ಓದ್ತಾವ್ಳೆ ಅಂತ ಹೇಳು."

ನಂಜ ತಿರುಗಿ, "ಅಪ್ಪ, ಅಕ್ಕಂಗೆ ಪರೀಕ್ಷೆ ಹತ್ರ ಬಂತಂತೆ" ಅಂದ.

"ಕೇಳಿಸ್ತು ಕಣ್ಲಾ, ನಾನೇನು ಕಿವುಡಾ? ನಿಮ್ಮ ಚಿಕ್ಕಮ್ಮಂಗೆ ಹೇಳು. ನಾಳೆಯಿಂದ ಜಯ ಸ್ಕೂಲಿಗೆ ಹೋಗೋದು ಬ್ಯಾಡ. ಮನೆ ಕೆಲಸ ನೋಡ್ಕೊಳ್ಳಲಿ, ಗಂಡುಡುಗ್ರು ಓದ್ಕೊಳ್ಳಲಿ. ಇಲ್ಲಾಂದ್ರೆ ಇವತ್ತೇ ನನ್ನ ಜೊತೆ ಊರಿಗೆ ಬರ್ಲಿ. ಹತ್ತನೇ ಕ್ಲಾಸ್ ಪಾಸ್ ಮಾಡಿ ಕಲೆಕ್ಟ್ರು ಆಗ್ಬೇಕಾ ಇವ್ಳು?"

ಜಯ ತಲೆ ಎತ್ತಲಿಲ್ಲ. ಪೆನ್ಸಿಲ್ ನಿಂತಿತು, ಅಷ್ಟೇ. ಹೊಲದಲ್ಲಿ ಬೆಳೆದ ಹುಡುಗಿ, ಅಳುವ ಜಾಯಮಾನವಲ್ಲ. ಆ ಪೆನ್ಸಿಲ್ ನೋಡಿದ ಮೇಲೆ ನನಗೆ ಬಾಗಿಲ ಹಿಂದೆ ನಿಲ್ಲಲಾಗಲಿಲ್ಲ. ನಡುಮನೆಗೆ ಬಂದು ಭಾವನ ಎದುರು ನಿಂತೆ. ತಲೆಮೇಲೆ ಸೆರಗಿತ್ತು. ಅಷ್ಟು ಮರ್ಯಾದೆ ಸಾಕು.

"ಭಾವ, ಈ ಮನೇಲಿ ಒಬ್ಬರ ಕೆಲಸ ಅಂತ ಇಲ್ಲ. ಎಲ್ಲರೂ ಒಂದೊಂದು ಹಿಡಿ ಮಾಡ್ತಾರೆ, ಅದಕ್ಕೇ ಎಲ್ಲರಿಗೂ ಓದೋಕೆ ಹೊತ್ತು ಸಿಗುತ್ತೆ. ಜಯ ಒಬ್ಬಳ ತಲೆಗೆ ಕಟ್ಟೋದಾದ್ರೆ ನನಗೆ ಈ ಮನೆ ಬೇಡ. ಎಲ್ಲಾ ಹುಡುಗರ ಟ್ರಂಕೂ ತಗೊಂಡು ಹೋಗಿ, ನೀವೇ ಸಾಕ್ಕೊಳ್ಳಿ."

"ನನ್ನೆದುರಿಗೆ ನಿಂತ್ಕೊಂಡು ಮಾತಾಡ್ತೀಯೇನಮ್ಮ?"

"ಹುಡುಗನ ಕೈಲಿ ಹೇಳಿಸಿದ್ರೆ ನಿಮಗೆ ಎರಡೆರಡು ಸಲ ಕೇಳಿಸುತ್ತೆ. ಅದಕ್ಕೇ ನಾನೇ ಹೇಳ್ದೆ."

ಭಾವ ಹೋಗಿ ಕೈಕಾಲು ತೊಳೆದುಕೊಂಡರು. ಮಧ್ಯಾಹ್ನ ಎಲ್ಲರ ಜೊತೆ ಊಟಕ್ಕೆ ಕೂತರು. ಮುದ್ದೆ, ಅವರೆಕಾಳು ಸಾರು. ಸಿಟ್ಟಿದ್ದರೂ ಇನ್ನೊಂದು ಮುದ್ದೆ ಹಾಕಿಸಿಕೊಂಡರು, ಸಿಟ್ಟಿಗೂ ಹೊಟ್ಟೆಗೂ ಜಗಳವಿಲ್ಲ. ಉಂಡು, ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಹುಡುಗರು ಒಬ್ಬೊಬ್ಬರೇ ತಮ್ಮ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಭಾವನ ತಟ್ಟೆ ನಡುಮನೆಯಲ್ಲಿ ಉಳಿಯಿತು.

ಜಯ ಅದರ ಕಡೆ ಬಗ್ಗಿದಳು.

"ಜಯ, ನಿನ್ನ ಲೆಕ್ಕ ಮುಗೀತಾ?" ಅಂದೆ.

"ಇಲ್ಲ ಚಿಕ್ಕಮ್ಮ."

"ಹೋಗಿ ಕೂತ್ಕೋ."

ಕೂತಳು. ಆಮೇಲೆ ನಂಜ ಬಗ್ಗಿದ. ನಿನ್ನದು ತೊಳೆದಾಯಿತಲ್ಲ ಅಂತ ಅವನನ್ನೂ ತಡೆದೆ. ಭಾವ ಎಲ್ಲ ನೋಡಿದರು. ನೋಡಿ, ಟವಲ್ಲು ಮುಖಕ್ಕೆ ಹಾಕಿಕೊಂಡು ಅಲ್ಲೇ ಒರಗಿದರು. ನಿದ್ದೆ ಬಂತೋ ಇಲ್ಲವೋ, ಗೊರಕೆ ಕೇಳಿಸಲಿಲ್ಲ. ತಟ್ಟೆಗೆ ನೊಣ ಕೂತವು. ಹುಡುಗರು ಅದರ ಸುತ್ತ ದಾರಿ ಮಾಡಿಕೊಂಡು ಓಡಾಡಿದರು. ನನಗೂ ಕೈ ತುರಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆ ಮುದ್ದೆ ಒಣಗುವುದು ನೋಡಿಕೊಂಡು ಸುಮ್ಮನಿರುವುದು ನನ್ನಂಥವಳಿಗೆ ಬಸುರಿ ಹೊಟ್ಟೆ ಹೊತ್ತ ಹಾಗೆ. ಆದರೆ ಅವತ್ತು ಎತ್ತಿದ್ದರೆ ಜಯ ಜೀವಮಾನವಿಡೀ ಎತ್ತಬೇಕಿತ್ತು.

ಬಿಸಿಲು ಇಳಿದ ಮೇಲೆ ಭಾವ ಎದ್ದು ಅಂಗಿ ಹಾಕಿಕೊಂಡರು. "ಜಯ, ಬಟ್ಟೆ ಕಟ್ಕೋ. ಬಸ್ಸಿಗೆ ಹೊತ್ತಾಯ್ತು."

ಜಯ ಎದ್ದು ನಿಂತಳು. "ಪರೀಕ್ಷೆ ಬರೀತೀನಿ ಅಪ್ಪ" ಅಂದಳು. ಅಪ್ಪನಿಗೆ ಅವಳು ಎದುರಾಡಿದ್ದು ಅದೇ ಮೊದಲು.

ಭಾವ ಬಾಯಿ ತೆಗೆಯುವಷ್ಟರಲ್ಲಿ ನಂಜ ಒಳಗಿಂದ ತನ್ನ ಟ್ರಂಕು ಎಳೆದುಕೊಂಡು ಬಂದ.

"ನೀನ್ಯಾಕ್ಲಾ?"

"ಅಕ್ಕ ಹೋದ್ರೆ ನಂಗೆ ಲೆಕ್ಕ ಯಾರು ಹೇಳ್ಕೊಡ್ತಾರೆ? ಹೆಂಗೂ ಫೇಲಾಗ್ತೀನಿ. ಈಗ್ಲೇ ಬಂದ್ರೆ ದನ ಆದ್ರೂ ಮೇಯಿಸ್ತೀನಿ."

ಅಕ್ಕನನ್ನು ಉಳಿಸುವುದಕ್ಕೆ ಆಡಿದ ನಾಟಕ ಅಂತ ನೆಂಟರು ಈಗಲೂ ಹೇಳುತ್ತಾರೆ. ನಾಟಕವಲ್ಲ. ಅವನ ಮುಖದಲ್ಲಿ ನಿಜವಾಗಿ ಆಸೆಯಿತ್ತು, ಊರಿಗೆ ಹೋಗಿ ಈಜು ಬೀಳುವ ಆಸೆ. ಭಾವನಿಗೂ ಅದು ಕಾಣಿಸಿತು. ಮಗ ಓದಿ ಸರ್ಕಾರಿ ಕೆಲಸ ಹಿಡಿಯಬೇಕು ಅನ್ನುವುದೇ ಅವರ ಜೀವ. ಆ ಟ್ರಂಕು ನೋಡಿದರು, ಜಯಳನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ಇಡ್ಲಾ ಒಳಗೆ ಅದ್ನ" ಅಂದರು. ಚಪ್ಪಲಿ ಮೆಟ್ಟಿಕೊಂಡು, ಬೀದಿಯಲ್ಲಿ ನಿಂತು, "ಪರೀಕ್ಷೆ ಒಂದು ಬರೀಲಿ. ಆಮೇಲೆ ನೋಡಾಣ" ಅಂದು ಹೋದರು.

ತಟ್ಟೆ ಅಲ್ಲೇ ಇತ್ತು. ನನ್ನ ಗಂಡ ಡ್ಯೂಟಿ ಮುಗಿಸಿ ಬಂದು ಅದನ್ನು ಎಡವಿದರು.

"ಯಾರದ್ದೇ ಇದು?"

"ನಿಮ್ಮಣ್ಣಂದು."

ಅವರು ಎಲ್ಲರ ಮುಖ ಒಂದು ಸುತ್ತು ನೋಡಿ, ಬ್ಯಾಗನ್ನು ಮೊಳೆಗೆ ಹಾಕಿ, ಅಣ್ಣನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಒಣಗಿದ ಹಿಟ್ಟು ಕೆರೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಇದೆಲ್ಲ ಪುಕ್ಕಟೆ ಆಗಲಿಲ್ಲ. ಆಮೇಲೆ ಪರೀಕ್ಷೆಯ ರಿಸಲ್ಟ್ ಬರುವವರೆಗೆ ತೋಟದಿಂದ ಒಂದು ಕಾಯಿ ಬರಲಿಲ್ಲ, ರಾಗಿ ಬರಲಿಲ್ಲ. ಕಾಯಿ ಹಾಕದ ಸಾರು ಉಂಡೆವು. ಭಾವನ ಎದುರು ನಿಂತ ಗಂಡುಬೀರಿ ಅಂತ ಗುಬ್ಬಿಯವರೆಗೆ ನನ್ನ ಹೆಸರಾಯಿತು. ಅತ್ತೆ ಹೇಳಿ ಕಳಿಸಿದರು, ನೀನು ಹೋಗಿ ಭಾವನ ಕಾಲಿಗೆ ಬೀಳು ಅಂತ. ನನಗೆ ಆಗಲೇ ಮಂಡಿ ನೋವು ಅಂತ ಹೇಳಿ ಕಳಿಸಿದೆ. ಹುಡುಗರು ಸಪ್ಪೆ ಸಾರಿಗೆ ಮುಖ ಮಾಡಿದರೂ ತಟ್ಟೆ ತೊಳೆಯುವುದು ಬಿಡಲಿಲ್ಲ.

ಜಯ ಪಾಸಾದಳು. ಫಸ್ಟ್ ಕ್ಲಾಸ್ ಅಲ್ಲ, ಸೆಕೆಂಡ್. ಸಾಕು. ನಂಜ ಲೆಕ್ಕದಲ್ಲಿ ತೆವಳಿಕೊಂಡು ಗಡಿ ದಾಟಿದ. ಆ ವಾರ ಭಾವ ಕಾಯಿ ಮೂಟೆ ಹೊತ್ತು ಬಂದರು. ಮಗಳಿಗೆ ಒಂದು ಜೊತೆ ಬಟ್ಟೆ ತಂದಿದ್ದರು. ಜಗುಲಿ ಮೇಲೆ ಕೂತು, ಬೀದಿ ನೋಡಿಕೊಂಡು, "ಮುಂದಕ್ಕೂ ಇಲ್ಲೇ ಇರ್ಲಿ. ಕಾಲೇಜಿಗೆ ಸೇರಿಸಿ. ಅವನಿಗೂ ಲೆಕ್ಕ ಹೇಳ್ಕೊಟ್ಟಂಗಾಯ್ತು" ಅಂದರು. ಯಾರಿಗೆ ಹೇಳಿದರು ಅಂತ ಕೇಳಬೇಡಿ. ಅಲ್ಲಿ ಇದ್ದವಳು ನಾನೊಬ್ಬಳೇ.

"ಊಟಕ್ಕೆ ಏಳಿ ಭಾವ" ಅಂದೆ.

"ಬ್ಯಾಡ ಕಣಮ್ಮ. ಬಸ್ ಸ್ಟ್ಯಾಂಡ್ ಹತ್ರ ಹೋಟ್ಲಲ್ಲಿ ತಿಂದ್ಕೊಂಡು ಬಂದೆ. ಹೊಟ್ಟೆ ತುಂಬೈತೆ."

ಆಮೇಲೆ ಜಯ ಕಾಲೇಜು ಮುಗಿಸಿ ಮೇಷ್ಟ್ರು ಟ್ರೈನಿಂಗ್ ಸೇರುವವರೆಗೂ ಭಾವ ತಿಂಗಳಿಗೊಮ್ಮೆ ಬರುತ್ತಿದ್ದರು. ಪ್ರತಿ ಸಲವೂ ಬಸ್ಸಿಳಿದು, ಹೋಟೆಲಿನಲ್ಲಿ ಉಂಡು, ಬಾಯಿ ಒರೆಸಿಕೊಂಡು ಬರುತ್ತಿದ್ದರು. ಪ್ರತಿ ಸಲವೂ ಅದೇ ಮಾತು, ಹೊಟ್ಟೆ ತುಂಬೈತೆ. ನಾನು ಬಲವಂತ ಮಾಡಲಿಲ್ಲ. ಮನೆಯಲ್ಲಿ ತೊಳೆಯುವ ತಟ್ಟೆ ಒಂದು ಕಡಿಮೆ.